ಮನೆ ರುಚಿ ಅಂತೀರಿ, ಯಾರ ಮನೆಯದು?

ಕವಿತೆಯನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾದಂಬರಿಯ ಒಳಪದರ ಬಿಡಿಸುವ ಪಂಡಿತರಿಗೂ ಬರಗಾಲವಿಲ್ಲ. ಆದರೆ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಭಾಲ್ಕಿಗೆ, ಔರಾದಿಗೆ ಗಾಡಿ ಬದಲಿಸುವ ಜನ ದಿನಾ ಓದುವ ಒಂದು ಬರಹವನ್ನು ಈ ವಿಮರ್ಶಕ ಮಹಾಶಯರು ಕೈಗೆತ್ತಿಕೊಂಡಿದ್ದು ನಾವು ಕಾಣೆವು. ಆ ಬರಹ ಹೋಟೆಲಿನ ಬೋರ್ಡು. ‘ಫ್ಯಾಮಿಲಿ ರೆಸ್ಟೋರೆಂಟ್’, ‘ಪ್ಯೂರ್ ವೆಜ್’, ‘ಮನೆ ಊಟದ ರುಚಿ’. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಬೆರೆತು ಬದುಕುವ ನಮ್ಮ ಗಡಿ ಜಿಲ್ಲೆಯಲ್ಲಿ ಅಕ್ಷರ ಬಾರದವರೂ ಗುರುತು ಹಿಡಿಯುವ ಸಾಹಿತ್ಯ ಇದು. ಆದ್ದರಿಂದ ಈ ಸಲ ನಾವು ಪುಸ್ತಕ ಪಕ್ಕಕ್ಕಿಟ್ಟು ಈ ಬೋರ್ಡನ್ನೂ ಅದರ ಒಳಗಿನ ಮೆನು ಕಾರ್ಡನ್ನೂ ಓದುತ್ತೇವೆ.

‘ತಿನ್ನೋ ವಿಷಯದಾಗ ಏನ್ ವಿಮರ್ಶೆ ಅದರಿ, ಹೊಟ್ಟಿ ತುಂಬಿದ್ರ ಸಾಕಲ್ಲ?’ ಎಂದು ಕೇಳುವವರು ಇರುತ್ತಾರೆ. ಕೈಯಲ್ಲಿ ರೊಕ್ಕ ಇದ್ದೂ ಹೊರಗೆ ಉಪವಾಸ ಬಿದ್ದವರು ಹಾಗೆ ಕೇಳುವುದಿಲ್ಲ. ನಮ್ಮ ಮಾತು ಇಷ್ಟು: ಹೋಟೆಲು ನಮ್ಮ ಜನಕ್ಕೆ ದೊಡ್ಡದಾಗಿ ಕಂಡದ್ದು ಅದು ಯಾರ ಮನೆಯೂ ಆಗಿರಲಿಲ್ಲ ಎನ್ನುವ ಕಾರಣಕ್ಕೆ. ಈಗ ಅದು ಮತ್ತೆ ಮನೆಯಾಗಲು ಹೊರಟಿದೆ. ಆ ಮನೆ ಯಾರದು ಎಂದು ಕೇಳುವ ಹಕ್ಕು ನಮಗಿದೆ.

ಊರಿನಲ್ಲಿ ಅನ್ನ ನಡೆಯುವುದು ಸಂಬಂಧದ ಮೇಲೆ. ಯಾರು ಯಾರ ಮನೆಯ ಒಳಗೆ ಉಣ್ಣಬೇಕು, ಯಾರು ಅಂಗಳದಲ್ಲಿ ಕುಂಡ್ರಬೇಕು, ಯಾರು ಹಿತ್ತಿಲ ಬಾಗಿಲಲ್ಲಿ ಸೆರಗು ಒಡ್ಡಿ ನಿಲ್ಲಬೇಕು ಎನ್ನುವುದು ಹುಟ್ಟಿದ ದಿನವೇ ಬರೆದಾಗಿರುತ್ತದೆ. ಹೋಟೆಲು ಈ ಲೆಕ್ಕ ಕೆಡಿಸಿತು. ಅದು ಜಾತಿ ಕೇಳದೆ ರೊಕ್ಕ ಕೇಳಬೇಕಾದ ಜಾಗ. ‘ಕೇಳಬೇಕಾದ’ ಎಂದು ಒತ್ತಿ ಹೇಳುತ್ತೇವೆ, ಯಾಕಂದರೆ ಬಹಳ ಕಾಲ ಅದು ಎರಡನ್ನೂ ಕೇಳಿತು.

ಅಂಬೇಡ್ಕರರು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ 1901ರ ಒಂದು ಪ್ರಯಾಣದ ಸಂಗತಿ ಹೇಳುತ್ತಾರೆ. ಸಾತಾರೆಯಿಂದ ತಂದೆಯನ್ನು ನೋಡಲು ಹೊರಟ ಮಕ್ಕಳ ಬುತ್ತಿಯಲ್ಲಿ ಊಟ ತುಂಬಿತ್ತು. ದಾರಿಯಲ್ಲಿ ಕುಡಿಯುವ ನೀರು ಕೊಡುವವರು ಸಿಗಲಿಲ್ಲ. ಊಟ ಇದ್ದೂ ಮಕ್ಕಳು ಹಸಿದು ಮಲಗಿದರು. ಅದೇ ಬರಹದಲ್ಲಿ 1934ರ ಇನ್ನೊಂದು ಸಂಗತಿ ಇದೆ. ನಿಜಾಮರ ರಾಜ್ಯದ ದೌಲತಾಬಾದ್ ಕೋಟೆಯ ಬಾಗಿಲಲ್ಲಿದ್ದ ಹೊಂಡದಲ್ಲಿ ಅವರೂ ಸಂಗಡಿಗರೂ ಕೈಕಾಲು ಮುಖ ತೊಳೆದುಕೊಂಡದ್ದಕ್ಕೆ ದೊಡ್ಡ ಗದ್ದಲ ಎದ್ದಿತು. ಕೊನೆಗೆ ಒಳಗೆ ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಕಾವಲುಗಾರನನ್ನು ಜೊತೆಗೆ ಕಳಿಸಿದರು. ಬ್ಯಾರಿಸ್ಟರ್ ಆಗಿದ್ದ ಮನುಷ್ಯನಿಗೆ ಆದದ್ದು ಇದು. ನಮ್ಮ ಬೀದರೂ ಆಗ ಅದೇ ನಿಜಾಮರ ರಾಜ್ಯದಲ್ಲಿತ್ತು. ಕೋಟೆಯಲ್ಲಿ ಓದಿದವರಿಗೇ ಹಾಗಾದರೆ, ಔರಾದಿನ ಸಂತೆಗೆ ಕಟ್ಟಿಗೆ ಹೊತ್ತು ಬಂದ ನಮ್ಮ ಮುತ್ತಜ್ಜನಿಗೆ ಯಾವ ಅಂಗಡಿಯವನು ಲೋಟ ಕೊಟ್ಟಾನು?

ಬಾಗಿಲು ತಾನಾಗಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಕೈಗಳು ಈ ಬಾಗಿಲನ್ನು ತಳ್ಳಿದವು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳ ಹೆಸರನ್ನೇ ಎತ್ತಿ ಹೇಳಿ ಅಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಕೂಡದು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ ಹೋಟೆಲಿನ ಪಾತ್ರೆಗಳನ್ನೂ ಹೆಸರಿಸಿತು. 1976ರಲ್ಲಿ ಅದೇ ಕಾಯಿದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೊಸ ಹೆಸರು ಪಡೆಯಿತು. ಒಂದು ದೇಶದ ಪಾರ್ಲಿಮೆಂಟು ಕುಳಿತು ಚಹಾ ಲೋಟದ ಬಗ್ಗೆ ಕಾನೂನು ಬರೆಯಬೇಕಾಯಿತು. ಈ ನಾಡಿನ ಸಂಸ್ಕೃತಿಯ ಬಗ್ಗೆ ಗ್ರಂಥ ಬರೆಯುವವರು ಈ ಒಂದು ಸಂಗತಿಯನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಲಿ. ಕಾನೂನು ಬಂದ ಮೇಲೂ ಹಳ್ಳಿಯ ಚಹಾ ಅಂಗಡಿಯಲ್ಲಿ ನಮ್ಮವರ ಲೋಟ ಸೂರಿನ ಸಂದಿಯಲ್ಲೇ ಇತ್ತು. ಕುಡಿದು ತೊಳೆದು ಅಲ್ಲೇ ಸಿಗಿಸಿ ಬರಬೇಕು. ಸ್ಟೀಲಿನ ಲೋಟ ಅವರಿಗೆ, ಒಡೆದ ಕಪ್ಪು ನಮಗೆ. ಕಾಗದದ ಕಪ್ಪು ಬಂದ ಮೇಲೆ ‘ಈಗ ಎಲ್ರೂ ಒಂದೇ ಅಲ್ಲೇನ್ರಿ’ ಎಂದು ಕೆಲವರು ಹೇಳಿದರು. ಎಂಜಲು ಮುಟ್ಟುವ ಪ್ರಶ್ನೆಯೇ ಬಾರದಂತೆ ಲೋಟವನ್ನೇ ಬಿಸಾಡುವ ಉಪಾಯ ಸಿಕ್ಕಾಗ ಸಮಾನತೆ ಸುಲಭವಾಗಿ ಬಾಯಿಗೆ ಬರುತ್ತದೆ.

ಇಷ್ಟೆಲ್ಲ ಇದ್ದರೂ ಪಟ್ಟಣದ ಹೋಟೆಲಿನ ಬೆಂಚಿಗೆ ನಾವು ಋಣಿಗಳು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಯಾರ ಮುಖ ಯಾರಿಗೂ ಗೊತ್ತಿಲ್ಲ. ಎದುರು ಕುಂತವನು ನಮ್ಮ ಹೆಸರು ಕೇಳುವ ಮೊದಲೇ ಅವನ ಗಾಡಿ ಹೊರಡುತ್ತದೆ. ನಮ್ಮ ತಾಟು, ಅವನ ತಾಟು ಒಂದೇ ಬುಟ್ಟಿಯಲ್ಲಿ ಬಿದ್ದು ಒಂದೇ ನೀರಿನಲ್ಲಿ ತೊಳೆಯಲ್ಪಡುತ್ತವೆ. ಇದು ಸಣ್ಣದು ಎನ್ನಿಸಿದರೆ, ನಿಮ್ಮ ತಾಟು ಯಾವತ್ತೂ ಬೇರೆ ಇರಲಿಲ್ಲ ಎಂದೇ ಅರ್ಥ.

ಬೀದರಿನಲ್ಲಿ ರೊಕ್ಕ ಕೇಳದ ಪಂಕ್ತಿಯೂ ಇದೆ. ಗುರುನಾನಕ್ ಝೀರಾದ ಲಂಗರಿನಲ್ಲಿ ಯಾರು ಬೇಕಾದರೂ ನೆಲದ ಮೇಲೆ ಸಾಲಾಗಿ ಕೂತು ಉಣ್ಣಬಹುದು. ಇದರ ಹಿಂದೆ ದೊಡ್ಡ ಕತೆಯೇ ಇದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮುಂದೆ ಬಂದ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗರು ಬೀದರಿನವರು, ಕ್ಷೌರಿಕ ಕುಲದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಬೇರೆ ಬೇರೆ ಕುಲದ ಆ ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಬಟ್ಟಲು ಒಂದಾಗುವುದೇ ಧರ್ಮದ ಮೊದಲ ಕೆಲಸ ಎಂದು ಅವರು ತಿಳಿದಿದ್ದರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರು ಕಟ್ಟಿದ ದಾಸೋಹದ ಮಾತೂ ಅದೇ. ಆ ದಾಸೋಹದ ಹೆಸರು ಹೊತ್ತ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಶುರುವಾದ ಉತ್ತರದ ಜಿಲ್ಲೆಗಳಲ್ಲಿ ಬೀದರ್ ಒಂದು. ಕೇರಿಯ ಮಕ್ಕಳಿಗೆ ಮನೆಯಾಚೆಯ ಮೊದಲ ಊಟ ಸಿಗುವುದು ಅಲ್ಲಿಯೇ.

ಈ ಪಂಕ್ತಿಗಳನ್ನು ನಾವು ಗೌರವಿಸುತ್ತೇವೆ. ಆದರೆ ಹೋಟೆಲಿನಲ್ಲಿ ಇರುವ ಒಂದು ಸಂಗತಿ ಅವುಗಳಲ್ಲಿ ಇಲ್ಲ. ಪುಕ್ಕಟೆ ಉಂಡವನು ‘ಉಪ್ಪು ಹೆಚ್ಚಾಗ್ಯಾದ’ ಎನ್ನಲಾರ. ಗೌಡರ ಮನೆಯ ಹಿತ್ತಿಲಲ್ಲಿ ಉಂಡವನಂತೂ ಹಾಗಂದು ಬದುಕಿಕೊಳ್ಳಲಾರ. ಕೊಟ್ಟಿದ್ದನ್ನು ಉಂಡು ಕೈ ಮುಗಿದು ಬರಬೇಕು. ತಲೆತಲಾಂತರ ಹೀಗೆ ಉಂಡ ಜನ, ಮೊಟ್ಟಮೊದಲ ಸಲ ಹೋಟೆಲಿನ ಬೆಂಚಿನ ಮೇಲೆ ಕೂತು ‘ಏ ತಮ್ಮಾ, ಇದು ತಣ್ಣಗಾಗ್ಯಾದ, ಬಿಸೀದು ತಾ’ ಎಂದರು. ತಂದವನು ತಿರುಗಿ ಹೋಗಿ ಬಿಸಿಯದನ್ನು ತಂದಿಟ್ಟ. ನಮ್ಮ ಜನ ಊಟದ ಬಗ್ಗೆ ತಕರಾರು ಮಾಡಲು ಕಲಿತ ಜಾಗ ಹೋಟೆಲು. ಊಟದ ಬಗ್ಗೆ ತಕರಾರು ಮಾಡಲು ಕಲಿತವನು ನಾಳೆ ಕೂಲಿಯ ಬಗ್ಗೆ ತಕರಾರು ಮಾಡುತ್ತಾನೆ. ಇದನ್ನು ಊರಿನ ದೊಡ್ಡವರು ನಮಗಿಂತ ಮೊದಲೇ ತಿಳಿದುಕೊಂಡಿದ್ದರು.

ಈಗ ಬೋರ್ಡಿಗೆ ಬರೋಣ. ‘ಹೋಟೆಲ್’ ಎನ್ನುವ ಹಳೆಯ ಶಬ್ದ ಹಿಂದೆ ಸರಿದು ‘ಫ್ಯಾಮಿಲಿ ರೆಸ್ಟೋರೆಂಟ್’ ಬಂದಿದೆ. ಒಳಗೆ ಉದ್ದ ಬೆಂಚು ಇಲ್ಲ. ನಾಲ್ಕು ಕುರ್ಚಿಯ ಟೇಬಲ್ಲು, ಅದಕ್ಕೊಂದು ಅಡ್ಡಗೋಡೆ, ಕೆಲವು ಕಡೆ ಪರದೆ. ಅಪರಿಚಿತನ ಎದುರು ಕೂತು ಉಣ್ಣುವ ಪ್ರಸಂಗ ಬರದಂತೆ ಕಟ್ಟಿದ ಜಾಗ ಇದು. ಫ್ಯಾಮಿಲಿ ಎಂದರೆ ಏನು? ಈ ದೇಶದಲ್ಲಿ ಮದುವೆ ಜಾತಿಯೊಳಗೇ ಆಗುತ್ತದೆ, ಆದ್ದರಿಂದ ಕುಟುಂಬ ಜಾತಿಯೊಳಗೇ ಹುಟ್ಟುತ್ತದೆ. ಕುಟುಂಬ ಎಂದರೆ ನಾಲ್ಕು ಕುರ್ಚಿಗೆ ಹೊಂದುವಷ್ಟು ಸಣ್ಣದು ಮಾಡಿದ ಜಾತಿ. ಬೆಂಚಿನ ಮೇಲೆ ಒಡೆದದ್ದನ್ನು ಈ ಅಡ್ಡಗೋಡೆಗಳು ಮತ್ತೆ ಜೋಡಿಸುತ್ತವೆ. ಯಾರೂ ಯಾರನ್ನೂ ಹೊರಗೆ ಹಾಕುವುದಿಲ್ಲ, ಬೈಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ತುಂಡೊಂದನ್ನು ತಂದು ಅದರೊಳಗೆ ಉಂಡು ಹೋಗುತ್ತಾರೆ.

ಇಲ್ಲಿ ನಮ್ಮ ಅಕ್ಕತಂಗಿಯರು ನಮ್ಮನ್ನು ತಡೆದು ನಿಲ್ಲಿಸುತ್ತಾರೆ. ಅವರ ಮಾತು ನ್ಯಾಯವಾದದ್ದು. ‘ನೀವು ಹಾಡಿ ಹೊಗಳೋ ಆ ಬೆಂಚಿನ ಮ್ಯಾಲ ನಾವ್ಯಾವತ್ತು ಕುಂತಿದ್ವಿ?’ ಎಂದು ಕೇಳುತ್ತಾರೆ. ಖರೇ. ಚಹಾ ಅಂಗಡಿ, ಧಾಬಾ, ಬಸ್‌ಸ್ಟ್ಯಾಂಡಿನ ಹೋಟೆಲು ಎಲ್ಲವೂ ಗಂಡಸರದಾಗಿದ್ದವು. ಭಾಲ್ಕಿಯಿಂದ ಬೀದರಿನ ಕಾಲೇಜಿಗೆ ಬರುವ ಹುಡುಗಿ, ಔರಾದಿನಿಂದ ಆಸ್ಪತ್ರೆಗೆ ಕೂಸನ್ನು ಎತ್ತಿಕೊಂಡು ಬಂದ ತಾಯಿ, ಇಬ್ಬರೂ ಹಸಿದುಕೊಂಡೇ ಊರಿಗೆ ವಾಪಸಾಗುತ್ತಿದ್ದರು. ‘ಫ್ಯಾಮಿಲಿ’ ಎಂಬ ಬೋರ್ಡು ಅವರಿಗೆ ಕುಂಡ್ರಲು ಒಂದು ಕುರ್ಚಿ ಕೊಟ್ಟಿದೆ. ಆ ಕುರ್ಚಿಯನ್ನು ಕಸಿದುಕೊಳ್ಳುವ ವಿಮರ್ಶೆ ನಮಗೆ ಬೇಡ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹೆಣ್ಣಿಗೆ ಆ ಕುರ್ಚಿ ಸಿಕ್ಕಿದ್ದು ಅವಳು ಯಾರದೋ ಫ್ಯಾಮಿಲಿ ಎಂಬ ಕಾರಣಕ್ಕೆ. ಒಬ್ಬಳೇ ಬಂದವಳನ್ನು ಗಲ್ಲಾದವನು ಇವತ್ತೂ ಎರಡು ಸಲ ನೋಡುತ್ತಾನೆ. ಪರದೆಯ ಹಿಂದಿನ ಕುರ್ಚಿಯಿಂದ ಬೆಂಚಿನ ನಡುವಿನ ಜಾಗದವರೆಗೆ ಅವರು ಇನ್ನೂ ಬರಬೇಕು. ಬೆಂಚನ್ನು ಅದಕ್ಕೆ ತಕ್ಕಂತೆ ಮಾಡುವುದು ಗಂಡಸರಾದ ನಮ್ಮ ಕೆಲಸವೂ ಹೌದು.

ಮೆನು ಕಾರ್ಡನ್ನು ಒಂದು ಸಂಕಲನದಂತೆ ಓದಿ ನೋಡಿರಿ. ಯಾರನ್ನು ಸೇರಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ನಾವು ಕಾವ್ಯಸಂಕಲನಗಳನ್ನು ಕೇಳುವುದಿಲ್ಲವೇ? ಹಾಗೆಯೇ. ಮೊದಲ ಪುಟದಲ್ಲಿ ಉಡುಪಿಯ ಇಡ್ಲಿ, ದೋಸೆ. ಆಮೇಲೆ ಪಂಜಾಬಿನ ಪನೀರು, ನಾನ್. ಆಮೇಲೆ ಚೀನಾದ ಹೆಸರು ಹೊತ್ತ, ಚೀನಾ ಕಂಡರಿಯದ ಗೋಬಿ ಮಂಚೂರಿ. ಮಾಂಸ ಸಿಗುವ ಕಡೆ ಹೈದರಾಬಾದಿನ ಬಿರ್ಯಾನಿ. ಚೀನಾ ದೇಶದಿಂದ ಔರಾದಿಗೆ ದಾರಿ ಸಿಕ್ಕಿದೆ. ಅದೇ ಔರಾದಿನ ಹೋಟೆಲಿನ ಹಿಂದಿನ ಓಣಿಯ ಕೇರಿಯಿಂದ ಮೆನು ಕಾರ್ಡಿಗೆ ದಾರಿ ಸಿಕ್ಕಿಲ್ಲ. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯಲ್ಲಿ ನೂರಕ್ಕೆ 23ಕ್ಕೂ ಹೆಚ್ಚು ಜನ ಪರಿಶಿಷ್ಟ ಜಾತಿಯವರು. ಇಷ್ಟು ಜನರ ಒಲೆಯಿಂದ ಒಂದು ಪದಾರ್ಥವೂ ಆ ಉದ್ದನೆಯ ಪಟ್ಟಿಯಲ್ಲಿ ತನ್ನ ಹೆಸರಿನಿಂದ ಕೂತಿಲ್ಲವಾದರೆ, ಅದನ್ನು ರುಚಿಯ ಆಯ್ಕೆ ಎಂದು ಹೇಗೆ ಕರೆಯುವುದು?

ಅದರ ಭಾಷೆಯನ್ನೂ ನೋಡಿರಿ. ‘ಪ್ಯೂರ್ ವೆಜ್’ ಎನ್ನುತ್ತಾರೆ. ಕಾಯಿಪಲ್ಯೆ ತಿನ್ನುವುದು ಒಂದು ರೂಢಿ, ಅದನ್ನು ಯಾರೂ ಬೇಡ ಎನ್ನುವುದಿಲ್ಲ. ಅದರ ಮುಂದೆ ‘ಪ್ಯೂರ್’ ಏಕೆ ಬಂತು? ಶುದ್ಧ ಎಂದ ಕೂಡಲೇ ಪಕ್ಕದಲ್ಲಿ ಒಂದು ಅಶುದ್ಧ ಹುಟ್ಟುತ್ತದೆ. ಉಳಿದದ್ದಕ್ಕೆಲ್ಲ ‘ನಾನ್-ವೆಜ್’ ಎಂದು ಹೆಸರು. ಅಂದರೆ ‘ಅದಲ್ಲದ್ದು’. ಕೋಳಿ, ಮೀನು, ತತ್ತಿ, ಕುರಿ ಎಲ್ಲಕ್ಕೂ ಸೇರಿ ತನ್ನದೆನ್ನುವ ಹೆಸರಿಲ್ಲ, ಇನ್ನೊಬ್ಬರಲ್ಲಿ ಇರುವುದು ಇದರಲ್ಲಿಲ್ಲ ಎನ್ನುವುದೇ ಇದರ ಗುರುತು. ಈ ವ್ಯಾಕರಣ ನಮಗೆ ಹೊಸದೇನಲ್ಲ. ನಮ್ಮನ್ನು ‘ಅ-ಸ್ಪೃಶ್ಯ’ ಎಂದು ಕರೆದವರೂ ಇದೇ ವ್ಯಾಕರಣ ಓದಿದವರು. ಜಗತ್ತಿನ ಹೆಚ್ಚಿನ ಜನ ಉಣ್ಣುವ ಊಟ ಇಲ್ಲಿ ಒಂದು ಕೊರತೆಯ ಹೆಸರಿನಿಂದ ಬದುಕುತ್ತದೆ.

ಹಾಗಾದರೆ ನಮ್ಮ ಮನೆಯ ರುಚಿ ಯಾವುದು? ಜೋಳದ ರೊಟ್ಟಿ, ಪುಂಡಿ ಪಲ್ಯೆ, ಕುಟ್ಟಿದ ಹಸಿಮೆಣಸಿನಕಾಯಿ ಖಾರ, ಅಗಸಿ ಹಿಂಡಿ, ಅಂಬಲಿ. ಎಳ್ಳಮಾಸಿಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿ, ಸಜ್ಜಿ ರೊಟ್ಟಿ. ಇವು ಎಲ್ಲ ಬಡವರ ಮನೆಯಲ್ಲೂ ಇದ್ದವು. ಇನ್ನು ಕೇರಿಯ ಮನೆಗಳಲ್ಲೇ ಉಳಿದದ್ದು: ತಲೆಕಾಲಿನ ಸಾರು, ಕರುಳು-ಬೋಟಿ, ಮಳೆಗಾಲಕ್ಕೆಂದು ಹಗ್ಗದ ಮೇಲೆ ಒಣಗಿಸಿದ ಮಾಂಸ. ನಮ್ಮ ಗಡಿಯ ಆಚೆ ಮರಾಠವಾಡದ ಮಹಾರ, ಮಾಂಗರ ಅಡುಗೆಯ ಬಗ್ಗೆ ಶಾಹೂ ಪಾಟೋಳೆ ಅವರು ಮರಾಠಿಯಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಪುಸ್ತಕ ಬರೆದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅನ್ನ ಪೂರ್ಣಬ್ರಹ್ಮ ಎಂದು ಹಾಡುವವರ ಎದುರು ‘ಅಪೂರ್ಣ’ ಎಂಬ ಒಂದು ಅಕ್ಷರ ಸೇರಿಸಿ ಅವರು ಕೇಳಿದ ಪ್ರಶ್ನೆ ದೊಡ್ಡದು. ಭಾಲ್ಕಿ, ಔರಾದಿನ ಮನೆಗಳಿಗೂ ಆಚೆಯ ಊರುಗಳಿಗೂ ನೆಂಟಸ್ತನ ಇದೆ, ಒಲೆಯ ನೆಂಟಸ್ತನವೂ ಇದೆ. ಇಂಥ ಪುಸ್ತಕ ಬೀದರಿನ ಕನ್ನಡದಲ್ಲೂ ಬರಬೇಕು. ಕೇರಿಯ ಅಜ್ಜಿಯರು ಇನ್ನೂ ಇರುವಾಗಲೇ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ಹಸಿವೆಯನ್ನು ಹಾಡಿ ಹೊಗಳಲು ಕೂತಿಲ್ಲ. ಮಹಾಡದಲ್ಲಿ ಅಂಬೇಡ್ಕರರು ನಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡುವುದನ್ನು ಬಿಡಿ ಎಂದು ಹೇಳಿದರು. ಬೇರೇನೂ ಸಿಗದಂತೆ ಮಾಡಿ ಬಾಯಿಗೆ ತುರುಕಿದ್ದನ್ನು ಪರಂಪರೆ ಎಂದು ಅಪ್ಪಿಕೊಳ್ಳುವುದು ಬೇಕಿಲ್ಲ. ಆದರೆ ಆ ಬಡತನದ ಒಳಗೇ ನಮ್ಮ ಅವ್ವಂದಿರು ಕಂಡುಹಿಡಿದ ಜಾಣತನ ಇದೆ. ಯಾವ ಸೊಪ್ಪು ಯಾವ ತುಣುಕಿಗೆ ಹೊಂದುತ್ತದೆ, ಎಣ್ಣೆ ಇಲ್ಲದಾಗ ರುಚಿ ಎಲ್ಲಿಂದ ತರಬೇಕು ಎನ್ನುವ ವಿದ್ಯೆ ಅದು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಕೂತು ಕದ್ದು ತಂದ ಕಡಲೆಕಾಯನ್ನು ತಿಂದು ಮುಗಿಸುತ್ತಾರೆ. ಪೊಲೀಸರು ಬಂದಾಗ ಮನೆಯಲ್ಲಿ ಏನೂ ಸಿಗುವುದಿಲ್ಲ. ‘ಕುಟುಂಬದ ಜೊತೆ ಸವಿಯಿರಿ’ ಎಂದು ಬರೆಯುವ ಹೋಟೆಲಿನವರಿಗೆ ನಾವು ಈ ದೃಶ್ಯವನ್ನು ತೋರಿಸುತ್ತೇವೆ. ಅಲ್ಲಿ ಹಸಿವೆ ಇದೆ, ಭಯ ಇದೆ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಮಂದಿಯೆಲ್ಲ ಸೇರಿ ತಿನ್ನುವ ಸುಖ ಇದೆ. ಆ ಸುಖಕ್ಕೆ ಯಾವ ಮೆನು ಕಾರ್ಡೂ ಬೆಲೆ ಕಟ್ಟಿಲ್ಲ.

ನಮ್ಮ ಊಟ ಮೆನು ಕಾರ್ಡಿಗೆ ಬರಲು ಈಗ ಎರಡು ದಾರಿ ಇವೆ. ಒಂದನೆಯದು, ಹೆಸರು ಬದಲಿಸಿಕೊಂಡು ಬರುವುದು. ನಿನ್ನೆಯವರೆಗೆ ಜೋಳದ ರೊಟ್ಟಿ, ಸಜ್ಜಿ, ನವಣೆ ಬಡವರ ಕೂಳು. ಗೋಧಿ ಚಪಾತಿ ಉಂಡವನು ದೊಡ್ಡವನು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲೆ ಅದೇ ಕೂಳು ಹಿತ್ತಾಳೆ ತಾಟಿನಲ್ಲಿ ಕೂತು ಆರೋಗ್ಯದ ಹೆಸರಿನಲ್ಲಿ ಮೂರು ಪಟ್ಟು ಬೆಲೆ ಕೇಳುತ್ತಿದೆ. ಊಟ ಮೇಲೆ ಹೋಯಿತು, ಉಂಡವರು ಇದ್ದಲ್ಲೇ ಇದ್ದಾರೆ. ಎರಡನೆಯದು, ಕಾನೂನಿನ ದಾರಿ. ಅದು ಮುಚ್ಚುವ ದಾರಿ. 1964ರ ಹಳೆಯ ಕಾಯಿದೆ ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆಗಳಿಗೆ ಅವಕಾಶ ಇಟ್ಟಿತ್ತು. 2020ರ ಡಿಸೆಂಬರಿನಲ್ಲಿ ವಿಧಾನಸಭೆಗೆ ಬಂದು 2021ರಲ್ಲಿ ಜಾರಿಯಾದ ಹೊಸ ಕಾಯಿದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ನಿಷೇಧಿಸಿತು. ಅದನ್ನು ಮಂಡಿಸಿದ ಆಗಿನ ಪಶುಸಂಗೋಪನಾ ಸಚಿವ ಪ್ರಭು ಚವ್ಹಾಣ್ ಅವರು ಗೆದ್ದು ಬಂದದ್ದು ಔರಾದಿನಿಂದ, ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಿಂದ. ಮೀಸಲು ಕುರ್ಚಿಯಿಂದ ಮೀಸಲು ಜನರ ತಾಟಿನ ಮೇಲೆ ಕಾನೂನು ಬಂದದ್ದನ್ನು ಔರಾದಿನ ವಿದ್ಯಾರ್ಥಿಗಳು ತಮ್ಮ ರಾಜಕೀಯ ಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ.

ಬೋರ್ಡುಗಳಲ್ಲಿ ಜಾತಿಯ ಹೆಸರೇ ಇರುವುದಿಲ್ಲ ಎಂದು ತಿಳಿಯಬೇಡಿರಿ. ‘ಲಿಂಗಾಯತ ಖಾನಾವಳಿ’ ಉತ್ತರ ಕರ್ನಾಟಕದ ಊರೂರಿನಲ್ಲಿ ಇದೆ. ‘ಅಯ್ಯಂಗಾರ್ ಬೇಕರಿ’ ಇಲ್ಲದ ಪಟ್ಟಣ ಕರ್ನಾಟಕದಲ್ಲಿ ಅಪರೂಪ. ಮದರಾಸಿನಲ್ಲಿ ಹೋಟೆಲ್ ಬೋರ್ಡಿನ ಮೇಲಿನ ‘ಬ್ರಾಹ್ಮಣ’ ಶಬ್ದ ಅಳಿಸಲು ಪೆರಿಯಾರರ ಬಳಗ 1957ರಲ್ಲಿ ದಿನಗಟ್ಟಲೆ ಧರಣಿ ಕೂಡಬೇಕಾಯಿತು. ಇಂಥ ಬೋರ್ಡು ಓದಿದವರಿಗೆ ಜಾತಿ ಎನ್ನುವುದು ರುಚಿಯ ಖಾತ್ರಿ ಪತ್ರ. ಒಳ್ಳೆಯದು. ಹಾಗಾದರೆ ಭಾಲ್ಕಿಯ ಪೇಟೆಯಲ್ಲಿ ‘ಹೊಲೆಯರ ಖಾನಾವಳಿ’ ಎಂದು ಬೋರ್ಡು ಹಾಕಿ ನೋಡೋಣ. ‘ಮಾದಿಗರ ಮನೆ ಊಟ’ ಎಂದು ಬಣ್ಣದಲ್ಲಿ ಬರೆಸೋಣ. ಗಿರಾಕಿ ಬಂದಾರೆಯೇ? ಬೋರ್ಡು ಉಳಿದೀತೆ? ಬಾಡಿಗೆಗೆ ಅಂಗಡಿ ಕೊಟ್ಟವನು ಎರಡನೆಯ ತಿಂಗಳು ನಿಲ್ಲಲು ಬಿಟ್ಟಾನೆಯೇ? 2016ರಲ್ಲಿ ಚಂದ್ರಭಾನ್ ಪ್ರಸಾದ್ ಅವರು ದೆಹಲಿಯಲ್ಲಿ ‘ದಲಿತ್ ಫುಡ್ಸ್’ ಎಂಬ ಹೆಸರಿಟ್ಟು ಖಾರದ ಪುಡಿ, ಮಸಾಲೆ ಮಾರಲು ಹೊರಟಾಗ ದೇಶದ ಪತ್ರಿಕೆಗಳಿಗೆಲ್ಲ ಅದು ಸುದ್ದಿಯಾಯಿತು. ಅಯ್ಯಂಗಾರರ ಬ್ರೆಡ್ಡು ಸುದ್ದಿಯಾಗುವುದಿಲ್ಲ. ದಲಿತರ ಖಾರದ ಪುಡಿ ಸುದ್ದಿ. ಸಮಾನತೆಯನ್ನು ಅಳೆಯುವ ಕೋಲು ಬೇಕಾದವರು ಇದನ್ನೇ ಬಳಸಿಕೊಳ್ಳಬಹುದು.

ಬಾಗಿಲು ದಾಟಿದ್ದೇವೆ, ಲೋಟ ದಾಟಿದ್ದೇವೆ, ಅಡುಗೆಮನೆಯ ಹೊಸ್ತಿಲು ಇನ್ನೂ ಇದೆ. ನಾವು ಗಿರಾಕಿಯಾಗಿ ಉಂಡರೆ ಯಾರಿಗೂ ತೊಂದರೆಯಿಲ್ಲ, ನಾವು ಅಟ್ಟದ್ದನ್ನು ಅವರು ಉಣ್ಣಬೇಕಾದಾಗ ತೊಂದರೆ. 2025ರ ಜೂನಿನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರಕಾರಿ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನೇ ಶಾಲೆ ಬಿಡಿಸಿದರೆಂದು ಪತ್ರಿಕೆಗಳು ಬರೆದವು. ಹೋಟೆಲಿನಲ್ಲಿ ಇದೇ ಮಾತು ಸದ್ದಿಲ್ಲದೆ ನಡೆಯುತ್ತದೆ. ಗಲ್ಲಾ ಒಬ್ಬರದು, ಒಲೆ ಒಬ್ಬರದು, ಮೋರಿಯ ಪಕ್ಕದ ತೊಟ್ಟಿ ಮತ್ತೊಬ್ಬರದು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಧಾಬಾಗಳಲ್ಲಿ ದುಡಿಸಬಾರದೆಂಬ ಆಜ್ಞೆ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ಹಾಗಿದ್ದೂ ಟೇಬಲ್ಲು ಒರೆಸುವ ಕೈ ಯಾರದು, ಅದರ ವಯಸ್ಸೆಷ್ಟು ಎಂದು ಉಣ್ಣಲು ಕೂತವರು ತಲೆಯೆತ್ತಿ ನೋಡಬೇಕು.

ನಮ್ಮಲ್ಲಿ ಹಲವರು ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ಮೊದಲ ಪಗಾರ ಬಂದಾಗ ಅವ್ವ ಅಪ್ಪನನ್ನು ಬೀದರಿನ ಯಾವುದೋ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋದವರು. ಆ ಊ‌ಟ ನಮಗೆಲ್ಲ ಒಂದೇ ತೆರನಾಗಿ ನೆನಪಿದೆ. ಅಪ್ಪ ಮೆನು ಕಾರ್ಡಿನ ಎಡಗಡೆ ನೋಡುವುದಿಲ್ಲ, ಬಲಗಡೆಯ ಅಂಕಿಗಳ ಮೇಲೆ ಬೆರಳಾಡಿಸಿ ‘ಇಷ್ಟ್ ರೊಕ್ಕದಾಗ ವಾರದ ಸಂತಿ ಆಗ್ತದಲ್ಲೋ’ ಎನ್ನುತ್ತಾರೆ. ಅವ್ವ ಕುರ್ಚಿಯ ತುದಿಯಲ್ಲಿ ಕೂತು ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಉಂಡಾದ ಮೇಲೆ ತಾಟು ಎತ್ತಿಕೊಂಡು ಎದ್ದು ನಿಂತು ಮೆಲ್ಲಗೆ ಕೇಳುತ್ತಾಳೆ: ‘ಎಲ್ಲಿ ತೊಳೀಬೇಕು?’ ಸಪ್ಲಾಯರ್ ಹುಡುಗ ಓಡಿ ಬಂದು ‘ಬಿಡ್ರಿ ಅವ್ವಾರ, ನಾವ್ ತೊಳೀತೀವಿ’ ಎಂದು ತಾಟು ಇಸಿದುಕೊಳ್ಳುತ್ತಾನೆ. ಆ ಹುಡುಗನ ಊರು ಕೇಳಿದರೆ ನಮ್ಮ ಊರಿನ ಪಕ್ಕದ್ದೇ ಇರುತ್ತದೆ, ಕೇರಿ ಕೇಳಿದರೆ ನಮ್ಮ ಕೇರಿಯಂಥದ್ದೇ. ಅಲ್ಲಿ ಯಾರೂ ನಮ್ಮನ್ನು ಅವಮಾನ ಮಾಡಲಿಲ್ಲ. ಅವ್ವನ ಕೈ ಮಾತ್ರ ತಾನಾಗಿಯೇ ಆ ತಾಟನ್ನು ಎತ್ತಿತು. 1955ರ ಕಾಯಿದೆ ಹೋಟೆಲಿನ ಪಾತ್ರೆಯವರೆಗೆ ಬಂತು, ಅವ್ವನ ಕೈಯವರೆಗೆ ಬರಲು ಇನ್ನೂ ಎಷ್ಟು ವರ್ಷ ಬೇಕು?

ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ತತ್ತಿ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟರು. ಕೆಲವು ಮಠಾಧೀಶರು ಬೇಡವೇ ಬೇಡ ಎಂದು ಕೂತರು. ಮಕ್ಕಳು ಬೇಕು ಎಂದರು. ಮಕ್ಕಳ ಮಾತು ಗೆದ್ದಿತು, ಮುಂದೆ ತತ್ತಿ ರಾಜ್ಯದ ಎಲ್ಲ ಸರಕಾರಿ ಶಾಲೆಗಳಿಗೂ ಹೋಯಿತು. ತತ್ತಿ ತಿನ್ನುವವರೂ ಬಾಳೆಹಣ್ಣು ತಿನ್ನುವವರೂ ಒಂದೇ ಸಾಲಿನಲ್ಲಿ ಕೂತರು. ಯಾವ ಸಾಲಿಗೂ ‘ಪ್ಯೂರ್’ ಎಂದು ಬೋರ್ಡು ಹಾಕಲಿಲ್ಲ. ಹೋಟೆಲಿನಿಂದ ನಾವು ಕೇಳುವುದು ಇದಕ್ಕಿಂತ ದೊಡ್ಡದೇನೂ ಅಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮ ಮಾತು: ಬಿಸಿಯೂಟದ ಸಾಲಿನಲ್ಲಿ ನೀವೂ ತಾಟು ಹಿಡಿದು ಕೂಡಿರಿ, ಅಡುಗೆಯ ಅಕ್ಕ ಯಾವ ಕೇರಿಯವಳಾದರೂ ಮಕ್ಕಳ ಎದುರು ಅವಳ ಕೈಯದನ್ನು ಉಣ್ಣಿರಿ. ಅದು ನೂರು ಪಾಠಕ್ಕೆ ಸಮ. ವಿದ್ಯಾರ್ಥಿಗಳಿಗೆ: ನಿಮ್ಮ ಅಜ್ಜಿಯ ಅಡುಗೆಯನ್ನು ಕೂತು ಬರೆದುಕೊಳ್ಳಿರಿ, ಅಳತೆ ಸಮೇತ, ಹೆಸರು ಸಮೇತ. ಸಂಘಟನೆಯ ಗೆಳೆಯರಿಗೆ: ನಿಮ್ಮ ತಾಲೂಕಿನ ಚಹಾ ಅಂಗಡಿಗಳಲ್ಲಿ ಇನ್ನೂ ಎರಡು ಲೋಟ ಇದ್ದರೆ ಅದು ಅಪರಾಧ, ಪದ್ಧತಿ ಎಂದು ಸುಮ್ಮನಿರಬೇಡಿರಿ. 1955ರ ಕಾಯಿದೆಯೂ 1989ರ ದೌರ್ಜನ್ಯ ತಡೆ ಕಾಯಿದೆಯೂ ಕೈಯಲ್ಲಿವೆ. ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿರಿ, ಅವ್ವನನ್ನೂ ಕರೆದುಕೊಂಡು ಹೋಗಿರಿ, ತಣ್ಣಗಿದ್ದರೆ ಬಿಸಿಯದನ್ನು ಕೇಳಿರಿ. ಕೇಳುವಾಗ ಜೊತೆಗೆ ಇದನ್ನೂ ಕೇಳಿರಿ: ‘ಪುಂಡಿ ಪಲ್ಯೆ ಯಾಕ ಇಲ್ರಿ? ಬೋಟಿ ಯಾಕ ಇಲ್ರಿ? ಒಳಗ ಅಡಗಿ ಮಾಡವರು ಯಾರ್ ಅದಾರ್ರಿ?’

ನಮಗೆ ಮನೆ ಇದೆ, ಮನೆಯ ರುಚಿಯೂ ಇದೆ. ಹೋಟೆಲಿಗೆ ನಾವು ಮನೆ ಹುಡುಕಿಕೊಂಡು ಬರುವುದಿಲ್ಲ. ಗುರುತಿಲ್ಲದ ಮನುಷ್ಯನ ಪಕ್ಕದಲ್ಲಿ ಕೂತು, ನಮ್ಮ ಊಟವನ್ನು ನಮ್ಮ ಹೆಸರಿನಿಂದಲೇ ಕೂಗಿ ತರಿಸಿಕೊಂಡು, ಉಂಡು, ರೊಕ್ಕ ಕೊಟ್ಟು, ತಾಟು ಅಲ್ಲೇ ಬಿಟ್ಟು ಎದ್ದು ಬರಲು ಬರುತ್ತೇವೆ. ಆ ಬೆಂಚನ್ನು ವಾಪಸು ಹಾಕಿರಿ.